ಬಜ್ಪೆಯ ಗುಡ್ಡದ ಮೇಲೆ ಇಳಿದ ದಿನ



ಕಂಪ್ಯೂಟರ್ ಬಗ್ಗೆ ಮಾತಾಡಿ ಎಂದು ನನಗೆ ಹೇಳಿದ್ದರು. ಅದು ಈಗಿನ ಮಕ್ಕಳಿಗೆ ನನಗಿಂತ ಚೆನ್ನಾಗಿ ಗೊತ್ತು. ಹಾಗಾಗಿ ಒಂದು ವಿಮಾನ ಇಳಿದ ಕಥೆ ಹೇಳುತ್ತೇನೆ.

ನಾವು ಇಲ್ಲಿ ಓದುವಾಗ ಬಜ್ಪೆಯ ಕಡೆ ಹೋಗುವ ವಿಮಾನದ ಸದ್ದು ಕೇಳಿದರೆ ಸಾಕು, ಇಡೀ ತರಗತಿ ಕಿಟಕಿಗೆ ಓಡುತ್ತಿತ್ತು. 1951ರಲ್ಲಿ ಆರಂಭವಾದ ಆ ನಿಲ್ದಾಣ ಗುಡ್ಡದ ನೆತ್ತಿಯ ಮೇಲಿದೆ. ಅದಕ್ಕೇ ಟೇಬಲ್‌ಟಾಪ್ ಎನ್ನುತ್ತಾರೆ. 2006ರಲ್ಲಿ ಬಂದ ಹೊಸ ರನ್‌ವೇಯ ಉದ್ದ 2,450 ಮೀಟರ್. ಅದರ ತುದಿ ದಾಟಿದರೆ ಸ್ವಲ್ಪ ದೂರದಲ್ಲೇ ಕಣಿವೆ. ಅಲ್ಲಿ ಇಳಿಯುವವರಿಗೆ ತಪ್ಪು ಮಾಡಲು ಜಾಗ ಕಡಿಮೆ.

2010ರ ಮೇ 22ರ ಬೆಳಿಗ್ಗೆ ದುಬೈನಿಂದ ಬಂದ ವಿಮಾನ ರನ್‌ವೇ ದಾಟಿ ಕಣಿವೆಗೆ ಬಿತ್ತು. 166 ಜನರಲ್ಲಿ ಉಳಿದವರು ಎಂಟೇ ಮಂದಿ. ನಾನಾಗ ಬಿ.ಇ. ಕೊನೆಯ ಸೆಮಿಸ್ಟರ್‌ನಲ್ಲಿದ್ದೆ. ಹಾಸ್ಟೆಲಿನ ಟಿ.ವಿ. ಮುಂದೆ ಯಾರೂ ಮಾತಾಡಲಿಲ್ಲ.

ಕೆಲವು ವರ್ಷಗಳ ನಂತರ ಒಂದು ಜುಲೈ ತಿಂಗಳಲ್ಲಿ ಅಪ್ಪನನ್ನು ಆಸ್ಪತ್ರೆಗೆ ಸೇರಿಸಿದ್ದಾರೆಂದು ಫೋನ್ ಬಂತು. ಬೆಂಗಳೂರಿನಿಂದ ಸಿಕ್ಕಿದ ವಿಮಾನ ಹತ್ತಿದೆ. ಘಟ್ಟ ದಾಟಿದ್ದೇ ತಡ, ಮೋಡ, ಮಳೆ. ಇನ್ನೇನು ಚಕ್ರ ನೆಲಕ್ಕೆ ತಾಗುತ್ತದೆ ಎನ್ನುವಾಗ ಎಂಜಿನ್ ಗರ್ಜಿಸಿತು, ಮೂತಿ ಮೇಲಕ್ಕೆದ್ದಿತು. ‘ರನ್‌ವೇ ಕಾಣಲಿಲ್ಲ, ಇನ್ನೊಮ್ಮೆ ಪ್ರಯತ್ನಿಸುತ್ತೇವೆ’ ಎಂದರು ಪೈಲಟ್. ನನಗೆ ಸಿಟ್ಟು ಬಂತು. ಅಪ್ಪ ಅಲ್ಲಿ ಮಲಗಿದ್ದಾರೆ, ಇವರು ಇಲ್ಲಿ ಸುತ್ತು ಹೊಡೆಯುತ್ತಿದ್ದಾರೆ! ಎರಡನೆಯ ಸಲ ಸುರಕ್ಷಿತವಾಗಿ ಇಳಿದೆವು. ಆಸ್ಪತ್ರೆಗೆ ಹೋದಾಗ ಅಪ್ಪ ಕಣ್ಣು ಬಿಟ್ಟು, ‘ಈ ಮಳೆಯಲ್ಲಿ ಯಾಕೆ ಬಂದೆ?’ ಎಂದರು.

ಅಪ್ಪ ಗುಣವಾಗಿ ಮನೆಗೆ ಬಂದ ಮೇಲೆ 2010ರ ಅಪಘಾತದ ತನಿಖಾ ವರದಿ ಓದಿದೆ. ಆ ದಿನ ವಿಮಾನ ಇರಬೇಕಾದ್ದಕ್ಕಿಂತ ಎತ್ತರದಲ್ಲಿತ್ತು, ರನ್‌ವೇಯ ಅರ್ಧಕ್ಕೂ ಹೆಚ್ಚು ದಾಟಿ ನೆಲ ಮುಟ್ಟಿತ್ತು. ಪಕ್ಕದಲ್ಲಿದ್ದ ಸಹ ಪೈಲಟ್ ಇಳಿಯುವುದು ಬೇಡ, ಮತ್ತೆ ಮೇಲೇರೋಣ ಎಂದು ಮೂರು ಸಲ ಹೇಳಿದ್ದರು. ಇಳಿಯುವಿಕೆ ನಿಲ್ಲಲಿಲ್ಲ. ಅದನ್ನು ಓದಿದ ದಿನ ನನ್ನ ಸಿಟ್ಟಿನ ಬಗ್ಗೆ ನನಗೇ ನಾಚಿಕೆಯಾಯಿತು. ನನ್ನ ವಿಮಾನ ತಡ ಮಾಡಿದ್ದಲ್ಲ, ನನ್ನನ್ನು ಅಪ್ಪನ ಹತ್ತಿರ ತಲುಪಿಸಿದ್ದು.

ಆಗ ನೆನಪಾದದ್ದು ಈ ಶಾಲೆಯ ಒಂಬತ್ತನೆಯ ತರಗತಿ. ಗಣಿತದ ಮೇಷ್ಟ್ರು ಬೋರ್ಡಿನ ತುಂಬ ಲೆಕ್ಕ ಬರೆದಿದ್ದರು. ಹಿಂದಿನ ಬೆಂಚಿನ ಹುಡುಗನೊಬ್ಬ ಎದ್ದು ನಿಂತು, ‘ಸಾರ್, ಮೂರನೇ ಸಾಲಿನಲ್ಲಿ ಮೈನಸ್ ಆಗಬೇಕು’ ಎಂದ. ಅವನಿಗೆ ಪೆಟ್ಟು ಖಂಡಿತ ಎಂದುಕೊಂಡೆವು. ಮೇಷ್ಟ್ರು ಒಂದು ನಿಮಿಷ ಬೋರ್ಡ್ ನೋಡಿದರು. ‘ಹೌದು ಮಾರಾಯ’ ಎಂದು ಡಸ್ಟರ್ ತೆಗೆದುಕೊಂಡು ಎಲ್ಲವನ್ನೂ ಒರೆಸಿ ಮೊದಲಿನಿಂದ ಬರೆದರು. ಆ ದಿನ ಲೆಕ್ಕ ಮುಗಿಯುವ ಮೊದಲೇ ಗಂಟೆ ಹೊಡೆಯಿತು. ಅವರಿಗೆ ಬೇಸರವಿರಲಿಲ್ಲ.

ಇಂದು ನನ್ನ ತಂಡದಲ್ಲಿ ಹೊಸದಾಗಿ ಸೇರಿದವರು ‘ಇದು ಸರಿಯಿಲ್ಲ’ ಎಂದರೆ ನಾನು ಕೆಲಸ ನಿಲ್ಲಿಸಿ ಕೇಳುತ್ತೇನೆ. ಇದನ್ನು ಯಾವ ಕಂಪನಿಯೂ ನನಗೆ ಕಲಿಸಲಿಲ್ಲ.

ಮಕ್ಕಳೇ, ತಪ್ಪು ಕಂಡರೆ ಎದ್ದು ನಿಂತು ಹೇಳಿ. ಒಂದು ಸಲಕ್ಕೆ ಕೇಳದಿದ್ದರೆ ಮತ್ತೆ ಹೇಳಿ. ದೊಡ್ಡವರೇ, ಡಸ್ಟರ್ ಕೈಗೆ ತೆಗೆದುಕೊಳ್ಳಲು ನಾಚಬೇಡಿ. ಪರೀಕ್ಷೆಯಲ್ಲಾಗಲಿ ಬದುಕಿನಲ್ಲಾಗಲಿ ಮತ್ತೊಂದು ಸುತ್ತು ಹಾಕಿ ಬಂದರೆ ಅದು ಸೋಲಲ್ಲ.

ಆ ಮೇಷ್ಟ್ರು ಇಂದು ಮುಂದಿನ ಸಾಲಿನಲ್ಲೇ ಕುಳಿತಿದ್ದಾರೆ. ಅವರಿಗೂ ಈ ಶಾಲೆಗೂ ನನ್ನ ನಮಸ್ಕಾರಗಳು.