ಬೆಟ್ಟವನ್ನೇರುವ ಮುನ್ನ

ದೂರದ ಬೆಟ್ಟ ಕಣ್ಣಿಗೆ ನುಣ್ಣಗೆ ಎಂಬುದು ನಮ್ಮ ಹಿರಿಯರ ಮಾತು. ಇಂಗ್ಲೆಂಡಿನ ಸರೋವರ ಸೀಮೆಯನ್ನು ನಮ್ಮಲ್ಲಿ ಅನೇಕರು ಕಂಡಿರುವುದು ಕಾಲೇಜಿನ ಪಠ್ಯಪುಸ್ತಕಗಳಲ್ಲಿ, ವರ್ಡ್ಸ್‌ವರ್ತ್ ಕವಿಯ ಮೂಲಕ. ಹಾಗೆ ಕಂಡ ಬೆಟ್ಟಗಳು ಬಹು ಸೌಮ್ಯವಾಗಿಯೇ ತೋರುತ್ತವೆ. ಅಲ್ಲಿನ ಹೆಲ್ವೆಲಿನ್ ಶಿಖರದ ಎತ್ತರ 3,118 ಅಡಿ. ನಮ್ಮ ಮುಳ್ಳಯ್ಯನಗಿರಿಯ ಅರ್ಧಕ್ಕೂ ಕಡಿಮೆ. ಆದರೆ ಅಪಾಯವನ್ನು ಎತ್ತರದಿಂದ ಅಳೆಯಲಾಗದು.

1805ನೆಯ ಏಪ್ರಿಲಿನಲ್ಲಿ ಚಾರ್ಲ್ಸ್ ಗಾಫ್ ಎಂಬ ತರುಣನು ತನ್ನ ನಾಯಿಯೊಡನೆ ಒಬ್ಬನೇ ಈ ಬೆಟ್ಟವನ್ನು ದಾಟಹೊರಟನು. ಮೂರು ತಿಂಗಳ ತರುವಾಯ ಅವನ ಅವಶೇಷವು ರೆಡ್ ಟಾರ್ನ್ ಎಂಬ ಕೊಳದ ಬಳಿ ದೊರೆಯಿತು. ನಾಯಿಯು ಇನ್ನೂ ಅಲ್ಲಿಯೇ ಇದ್ದಿತು. ವರ್ಡ್ಸ್‌ವರ್ತನೂ ವಾಲ್ಟರ್ ಸ್ಕಾಟನೂ ಇದನ್ನು ಕುರಿತು ಕವಿತೆ ರಚಿಸಿದರು. ಕವಿಗಳು ನಾಯಿಯ ನಿಷ್ಠೆಯನ್ನು ಕೊಂಡಾಡಿದರು; ಬೆಟ್ಟವನ್ನೇರತಕ್ಕ ನಾವಾದರೋ ಆ ತರುಣನ ಏಕಾಂಗಿತನವನ್ನೂ ಗಮನಿಸಬೇಕು.

ಆ ಕೊಳದ ಮೇಲ್ಗಡೆ ಸ್ಟ್ರೈಡಿಂಗ್ ಎಜ್ ಎಂಬ ಕಲ್ಲಿನ ಏಣು ಶಿಖರದ ಕಡೆಗೆ ಚಾಚಿದೆ. ಎರಡು ಪಕ್ಕಗಳಲ್ಲಿಯೂ ಕಡಿದಾದ ಇಳುಕಲು. ಕೊನೆಯಲ್ಲಿ ಬಂಡೆಯ ಬಿರುಕೊಂದರಲ್ಲಿ ಕೈಯೂರಿಯೇ ಇಳಿಯಬೇಕು. ಇಲ್ಲಿ ಎರಡು ಕೈ ಎರಡು ಕಾಲುಗಳಲ್ಲಿ ಮೂರು ಸದಾ ನೆಲೆಯಾಗಿರಬೇಕೆಂಬುದೇ ನಿಯಮ. ಚಾಮುಂಡಿಬೆಟ್ಟದ ಮೆಟ್ಟಿಲುಗಳನ್ನು ಹತ್ತಿ ಇಳಿದರೆ ಕಾಲಿಗೆ ಬಲ ಬಂದೀತು. ಬಂಡೆಯ ಪರಿಚಯವನ್ನು ಮಾತ್ರ ಅನುಭವಸ್ಥರೊಡನೆ ತಗ್ಗಿನ ಬಂಡೆಗಳಲ್ಲಿಯೇ ಪಡೆಯತಕ್ಕದ್ದು.

ಇನ್ನು ಕಾಲದ ಲೆಕ್ಕ. ಸ್ಕಾಟ್ಲೆಂಡಿನ ನೇಸ್ಮಿತ್ ಎಂಬವರು 1892ರಲ್ಲಿ ಒಂದು ಸೂತ್ರವನ್ನು ಕೊಟ್ಟರು: ಮೂರು ಮೈಲಿಗೆ ಒಂದು ಗಂಟೆ, ಏರುವ ಪ್ರತಿ 2,000 ಅಡಿಗೆ ಮತ್ತೊಂದು ಗಂಟೆ. ಗ್ಲೆನ್‌ರಿಡಿಂಗ್ ಹಳ್ಳಿಯಿಂದ ಏರಿ ಮರಳಲು ಸುಮಾರು 8 ಮೈಲಿ, ಏರು ಸುಮಾರು 2,700 ಅಡಿ. ಅಂದರೆ ನಾಲ್ಕು ಗಂಟೆ. ವಿಶ್ರಾಂತಿಯನ್ನೂ ಏಣಿನ ನಿಧಾನವನ್ನೂ ಸೇರಿಸಿದರೆ ಆರೇಳು ಗಂಟೆ. ಡಿಸೆಂಬರಿನಲ್ಲಿ ಅಲ್ಲಿ ನಾಲ್ಕು ಗಂಟೆಯೊಳಗಾಗಿಯೇ ಸೂರ್ಯಾಸ್ತವಾಗುತ್ತದೆ. ಆಗ ಹಿಮವೂ ಉಂಟು. ಹಿಮಗೊಡಲಿಯ ಪ್ರಯೋಗವನ್ನರಿಯದವರಿಗೆ ಆ ದಾರಿ ಸಲ್ಲದು.

ಚೀಲದಲ್ಲಿ ಬೆಚ್ಚನೆಯ ಉಡುಪು, ಮಳೆಯಂಗಿ, ಆಹಾರ, ನಕ್ಷೆ, ದಿಕ್ಸೂಚಿ, ದೀಪ, ಸೀಟಿ ಇರಬೇಕು. ಕೈಫೋನಿನಲ್ಲಿ ನಕ್ಷೆಯುಂಟೆಂದು ಕಾಗದದ ನಕ್ಷೆಯನ್ನು ಬಿಡಲಾಗದು. ಚಳಿಯಲ್ಲಿ ಬ್ಯಾಟರಿ ಬೇಗ ಬರಿದಾಗುತ್ತದೆ. ಸೀಟಿಯನ್ನು ನಿಮಿಷಕ್ಕೆ ಆರು ಸಲ ಊದಿ, ಒಂದು ನಿಮಿಷ ಬಿಟ್ಟು ಮತ್ತೆ ಊದಿದರೆ, ಅದು ಆಪತ್ತಿನ ಕರೆ. ಹೋಗುವ ದಾರಿಯನ್ನೂ ಮರಳುವ ವೇಳೆಯನ್ನೂ ತಂಗುವ ಮನೆಯವರಿಗೆ ಬರೆದುಕೊಟ್ಟು ಹೊರಡತಕ್ಕದ್ದು.

ಇವೆಲ್ಲಕ್ಕಿಂತಲೂ ಮುಖ್ಯವಾದ ಸಿದ್ಧತೆ ಇನ್ನೊಂದುಂಟು. ಏಣಿನ ನಡುವೆ ಗಾಳಿಯೆದ್ದರೆ ಮುಂದೆ ಹೋಗುವುದೂ ಕಷ್ಟ, ಹಿಂದಿರುಗುವುದೂ ಅಷ್ಟೇ ಕಷ್ಟ. ಆದುದರಿಂದ ನಿರ್ಧಾರವು ಏಣಿನ ಬಾಯಲ್ಲಿಯೇ ಆಗಬೇಕು. ಆದರೆ ಅಷ್ಟು ದೂರ ಬಂದ ಮೇಲೆ, ಮರಳೋಣವೆಂಬ ಮಾತನ್ನು ತಾನೇ ಮೊದಲು ಆಡಲು ಸಂಗಡಿಗರಲ್ಲಿ ಯಾರಿಗೆ ತಾನೆ ಮನಸ್ಸು ಬಂದೀತು? ಹೇಡಿಯೆನಿಸಿಕೊಳ್ಳುವ ಅಂಜಿಕೆ ಬೀಳುವ ಅಂಜಿಕೆಗಿಂತ ದೊಡ್ಡದು. ಈ ಕಾರಣದಿಂದಲೇ ಆ ಮಾತನ್ನು ಹಿಂದಿನ ರಾತ್ರಿ ಊಟದ ಹೊತ್ತಿನಲ್ಲಿಯೇ ಆಡಿ ಮುಗಿಸಬೇಕು: ಇಂತಿಷ್ಟು ಹೊತ್ತಾದರೆ, ಗಾಳಿಗೆ ನಿಲ್ಲಲಾಗದಿದ್ದರೆ, ನಮ್ಮಲ್ಲಿ ಒಬ್ಬರಿಗಾದರೂ ಕಾಲು ನಡುಗಿದರೆ, ಎಲ್ಲರೂ ಮರಳತಕ್ಕದ್ದು. ಹಾಗೆ ಗೊತ್ತುಮಾಡಿಕೊಂಡಲ್ಲಿ, ಮರುದಿನ ಏಣಿನ ಮುಂದೆ ನಿಂತಾಗ ಯಾರೂ ಯಾರಿಗೂ ಧೈರ್ಯವನ್ನು ತೋರಿಸಬೇಕಾಗಿರುವುದಿಲ್ಲ.