ವಕೀಲರ ಬಳಿಗೆ ಯಾವಾಗ ಹೋಗಬೇಕು?

(ರಾಯದುರ್ಗದ ಕಾರ್ಮಿಕರ ಕೂಟದಲ್ಲಿ ಆಡಿದ ಮಾತುಗಳು)



ಮಡಕಶಿರಾ ಕಡೆಯಿಂದ ಬಸ್ಸು ಬದಲಾಯಿಸಿ ಬಂದವರೂ ಇಲ್ಲಿ ಕುಳಿತಿದ್ದೀರಿ. ಆದುದರಿಂದ ಉದ್ದ ಪೀಠಿಕೆ ಬೇಡ. ನಮ್ಮ ಬಳಿಗೆ ಬರುವವರು ಕೇಳುವ ಮೊದಲ ಪ್ರಶ್ನೆ, "ವಕೀಲರನ್ನು ಹಿಡಿಯೋಣವೇ?" ಎಂಬುದು. ಎರಡನೆಯದು, "ಎಷ್ಟು ಖರ್ಚಾಗುತ್ತದೆ?" ನಾವು ವಕೀಲರಲ್ಲ. ಎಸ್.ಎಸ್.ಎಲ್.ಸಿ. ಓದಿ, ಸಂಘದ ಅರ್ಜಿಗಳನ್ನು ಬರೆದು ಬರೆದು ಒಂದಿಷ್ಟು ಕಲಿತವರು. ಅಷ್ಟನ್ನೇ ಹೇಳುತ್ತೇವೆ.

ರಾಯದುರ್ಗವೆಂದರೆ ಈಗ ಜೀನ್ಸ್. ಮಿಷನ್ ಮುಂದೆ ಕೂರುವವರಲ್ಲಿ ಬಹಳ ಮಂದಿಗೆ ತಿಂಗಳ ಸಂಬಳವಿಲ್ಲ, ಪೀಸಿಗೆ ಇಷ್ಟು ಎಂದು ಲೆಕ್ಕ. ಕೆಲವರು ಕತ್ತರಿಸಿದ ಬಟ್ಟೆಯನ್ನು ಮನೆಗೊಯ್ದು ಹೊಲಿದು ತರುತ್ತಾರೆ. ಬಾಕಿ ಕೇಳಿದರೆ ಬರುವ ಉತ್ತರ ನಿಮಗೇ ಗೊತ್ತು: "ನೀನು ನನ್ನ ಕೆಲಸಗಾರನೇ ಅಲ್ಲವಲ್ಲಪ್ಪಾ, ಕಂಟ್ರಾಕ್ಟಿಗೆ ಹೊಲಿದುಕೊಡುವವನು."

ಈ ಮಾತು ಹೊಸದಲ್ಲ. ಆಗಿನ ಆಂಧ್ರಪ್ರದೇಶದ ಸಿಲ್ವರ್ ಜುಬಿಲಿ ಟೈಲರಿಂಗ್ ಹೌಸ್ ಎಂಬ ಅಂಗಡಿಯ ಮೊಕದ್ದಮೆ 1973ರಲ್ಲಿ ಸುಪ್ರೀಂ ಕೋರ್ಟಿನಲ್ಲಿ ತೀರ್ಮಾನವಾಯಿತು. ಅಲ್ಲಿನ ಟೈಲರುಗಳಿಗೂ ಪೀಸ್ ಲೆಕ್ಕವೇ. ಇಡೀ ದಿನ ಕೂರಬೇಕೆಂಬ ಕಟ್ಟು ಇರಲಿಲ್ಲ. ಒಂದು ದಿನ ಬಾರದಿದ್ದರೆ ರಜೆ ಕೇಳಬೇಕಾಗಿಯೂ ಇರಲಿಲ್ಲ. ಆದರೆ ಹೇಗೆ ಹೊಲಿಯಬೇಕೆಂದು ಹೇಳುವವರು ಮಾಲೀಕರು. ಸರಿಯಿಲ್ಲವೆಂದು ಹಿಂದಿರುಗಿಸಿ ಮತ್ತೆ ಹೊಲಿಸುವವರೂ ಅವರೇ. ಹೆಚ್ಚಿನ ಮಿಷನ್ನುಗಳೂ ಅವರವೇ. ಇಷ್ಟಿದ್ದ ಮೇಲೆ ಇವರು ಕೆಲಸಗಾರರೇ ಎಂದು ಕೋರ್ಟು ಹೇಳಿತು. ಐವತ್ತು ವರ್ಷಗಳು ದಾಟಿದರೂ ನಮ್ಮ ಬೀದಿಯಲ್ಲಿ ಆ ತೀರ್ಪಿನ ಸುದ್ದಿ ಇನ್ನೂ ಮುಟ್ಟಿಲ್ಲ! ಇಂಥ ವಾದವನ್ನು ಸಾಕ್ಷಿಸಮೇತ ನಿಲ್ಲಿಸುವುದು ನಮ್ಮಂಥವರ ಕೈಲಾಗದು. ಮಾಲೀಕರು "ಕೆಲಸಗಾರನಲ್ಲ" ಎಂದ ದಿನವೇ ವಕೀಲರನ್ನು ಕಾಣಿರಿ.

ಕೆಲಸಗಾರರೆಂದು ಒಪ್ಪಿಕೊಂಡು ಹಣ ಮಾತ್ರ ಕೊಡದಿದ್ದರೆ ಮೊದಲು ವಕೀಲರು ಬೇಡ. 2025ರ ನವೆಂಬರ್ 21ರಿಂದ ಹೊಸ ಕಾರ್ಮಿಕ ಸಂಹಿತೆಗಳು ಜಾರಿಗೆ ಬಂದಿವೆ. ವೇತನ ಸಂಹಿತೆಯ ಪ್ರಕಾರ ಕೆಲಸದಿಂದ ತೆಗೆದರೂ ನೀವೇ ಬಿಟ್ಟರೂ ಎರಡು ಕೆಲಸದ ದಿನಗಳೊಳಗೆ ವೇತನದ ಲೆಕ್ಕ ತೀರಿಸಬೇಕು. ಬಾಕಿಗಾಗಿ ನೀವೇ ಆಗಲಿ ಸಂಘವೇ ಆಗಲಿ ಮೂರು ವರ್ಷದೊಳಗೆ ಅರ್ಜಿ ಹಾಕಬಹುದು. ಕೊಟ್ಟಿದ್ದೇನೆಂದು ರುಜುವಾತುಪಡಿಸುವ ಹೊಣೆ ಮಾಲೀಕರದು. ಇದನ್ನು ಎರಡು ಸಾರಿ ಕೇಳಿಸಿಕೊಳ್ಳಿರಿ: ಮಾಲೀಕರದು.

ಹಾಗಿದ್ದರೂ ಅವರ ಕೈಗೆ ಆ ರುಜುವಾತನ್ನು ನಾವೇ ಕೊಡುತ್ತೇವೆ. ಹೇಗೆಂದರೆ, ಸಹಿ ಹಾಕಿ! ಇಲ್ಲಿ ಕಾಗದಪತ್ರವೆಲ್ಲ ತೆಲುಗಿನಲ್ಲಿ. ಅಕ್ಷರ ಕನ್ನಡದ ಹಾಗೆಯೇ ಕಾಣುವುದರಿಂದ ತಿಳಿಯಿತೆಂದು ತಿಳಿದುಬಿಡುತ್ತೇವೆ. ಒಬ್ಬ ತಾಯಿ ಮುಂಗಡದ ಚೀಟಿಯೆಂದು ಹೆಬ್ಬೆಟ್ಟು ಒತ್ತಿದ್ದರು. ಓದಿಸಿದಾಗ ಅದು ರಾಜೀನಾಮೆ. ರಾಜೀನಾಮೆ, ಪೂರ್ತಿ ಲೆಕ್ಕ ಮುಟ್ಟಿತೆಂಬ ರಸೀದಿ, ಆಪಾದನೆಯ ಮೆಮೋ, ಖಾಲಿ ಕಾಗದ, ಇವುಗಳಲ್ಲಿ ಯಾವುದು ಎದುರಿಗೆ ಬಂದರೂ ಒಂದು ದಿನ ವಾಯಿದೆ ಕೇಳಿ ವಕೀಲರಿಗೆ ತೋರಿಸಿರಿ. ಕಳವಿನ ದೂರೆಂದು ಪೊಲೀಸ್ ಠಾಣೆಗೆ ಕರೆದರೆ ಆ ಒಂದು ದಿನವೂ ಕಾಯಬೇಡಿರಿ.

ಕೆಲಸದಿಂದ ತೆಗೆದರೆ ಮೊದಲ ಮೆಟ್ಟಿಲು ಕಾರ್ಮಿಕ ಇಲಾಖೆಯ ಸಂಧಾನ. ಅಲ್ಲಿ ವಕೀಲರು ಪಕ್ಷ ವಹಿಸುವಂತಿಲ್ಲ, ಸಂಘದವರು ವಹಿಸಬಹುದು. ಆದರೆ ಗಡುವಿದೆ. ಇದನ್ನು ಹೇಳುವಾಗ ನಮಗೆ ನಾಚಿಕೆಯಾಗುತ್ತದೆ. ಹಳೆಯ ಕಾನೂನಿನ ಕಾಲದಲ್ಲಿ ಒಬ್ಬ ಸಹೋದರನಿಗೆ, "ಮಾಲೀಕರು ಹಬ್ಬ ಕಳೆಯಲಿ ಅಂದಿದ್ದಾರೆ, ಸ್ವಲ್ಪ ತಾಳು" ಎಂದು ಬುದ್ಧಿ ಹೇಳಿದವರು ನಾವೇ. ಹಬ್ಬಗಳು ಬಂದವು, ಹೋದವು. ಮೂರು ವರ್ಷದ ಗಡುವು ದಾಟಿದ ಮೇಲೆ ವಕೀಲರ ಬಳಿಗೆ ಕರೆದೊಯ್ದೆವು. ಅವರು ಕಾಗದ ನೋಡಿ, ತಾರೀಖು ನೋಡಿ, ನಮ್ಮ ಮುಖ ನೋಡಿದರು. ಆತ ನಮ್ಮನ್ನು ಒಂದು ಮಾತೂ ಅನ್ನಲಿಲ್ಲ. ಈಗ ಗಡುವು ಇನ್ನೂ ಚಿಕ್ಕದು: ಎರಡು ವರ್ಷ ಕಳೆದ ವಿವಾದವನ್ನು ಸಂಧಾನಾಧಿಕಾರಿ ನಡೆಸುವಂತಿಲ್ಲ. ಸಂಧಾನ ಮುರಿದ ವರದಿ ಕೈಸೇರಿದ ಮೇಲೆ ನ್ಯಾಯಮಂಡಳಿಗೆ ಹೋಗಲು ತೊಂಬತ್ತು ದಿನ ಮಾತ್ರ. ಆ ವರದಿ ಬಂದ ವಾರವೇ ವಕೀಲರನ್ನು ಕೇಳಿರಿ.

ನಮ್ಮ ಮಿಷನ್ ಆಸ್ಪತ್ರೆಗಳಲ್ಲಿ ದುಡಿಯುವವರಿಗೆ ಒಂದು ಮಾತು. ಅಲ್ಪಸಂಖ್ಯಾತರ ಸಂಸ್ಥೆಯೆಂದು ಕಾರ್ಮಿಕ ಕಾನೂನಿನಿಂದ ತಪ್ಪಿಸಿಕೊಳ್ಳಲಾಗದೆಂದು ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜಿನ ಮೊಕದ್ದಮೆಯಲ್ಲಿ 1987ರಲ್ಲಿ ಸುಪ್ರೀಂ ಕೋರ್ಟು ಹೇಳಿತ್ತು. ಹೊಸ ಸಂಹಿತೆಯಾದರೋ ಧರ್ಮಕಾರ್ಯದ ಸಂಸ್ಥೆಗಳು ನಡೆಸುವುದನ್ನು 'ಕೈಗಾರಿಕೆ'ಯ ಅರ್ಥದಿಂದಲೇ ಹೊರಗಿಟ್ಟಿದೆ. ಯಾವ ಆಸ್ಪತ್ರೆ ಆ ಗೆರೆಯ ಒಳಗೆ, ಯಾವುದು ಹೊರಗೆ ಎಂಬುದು ವಕೀಲರೇ ನೋಡಬೇಕಾದ ವಿಷಯ. ಸಭೆಯ ಹಿರಿಯರಿಗೆ ಈ ಮಾತು ರುಚಿಸದಿರಬಹುದು, ಕೂಲಿ ಕೂಲಿಯೇ.

ಮಡಕಶಿರಾದವರೇ, ನಿಮ್ಮ ಊರು 2022ರ ಏಪ್ರಿಲಿನಿಂದ ಶ್ರೀ ಸತ್ಯಸಾಯಿ ಜಿಲ್ಲೆಗೆ ಸೇರಿದೆ. ಹಳೆಯ ರೂಢಿಯಿಂದ ಅನಂತಪುರದ ಬಸ್ಸು ಹತ್ತುವ ಮುನ್ನ ವಿಚಾರಿಸಿರಿ. ಬೆಂಗಳೂರಿನ ಗಾರ್ಮೆಂಟಿನಲ್ಲಿ ದುಡಿದ ಹೆಣ್ಣುಮಕ್ಕಳು ಅಲ್ಲಿಯ, ಅಂದರೆ ಕರ್ನಾಟಕದ, ಕಾರ್ಮಿಕ ಕಚೇರಿಗೇ ಮೊದಲು ಅರ್ಜಿ ಕೊಡಬೇಕು.

ಇನ್ನು ಖರ್ಚಿನ ಪ್ರಶ್ನೆ. 1987ರ ಕಾನೂನು ಸೇವಾ ಪ್ರಾಧಿಕಾರಗಳ ಕಾಯ್ದೆಯ ಪ್ರಕಾರ ಹೆಂಗಸರಿಗೆ, ಪರಿಶಿಷ್ಟ ಜಾತಿ ಪಂಗಡದವರಿಗೆ, ಕೈಗಾರಿಕಾ ಕಾರ್ಮಿಕರಿಗೆ ಆದಾಯ ಎಷ್ಟೇ ಇರಲಿ ವಕೀಲರ ನೆರವು ಪುಕ್ಕಟೆ. 15100ಕ್ಕೆ ಫೋನು ಮಾಡಿದರೆ ದಾರಿ ಹೇಳುತ್ತಾರೆ. ಸ್ವಂತ ವಕೀಲರನ್ನಿಟ್ಟರೆ ಫೀಜು ಎಷ್ಟೆಂದು ಮೊದಲೇ ಕೇಳಿರಿ. ಮೂಲ ಕಾಗದ ಕೊಟ್ಟರೆ ರಸೀದಿ ಪಡೆಯಿರಿ. ಕೇಳಲು ಸಂಕೋಚವೇಕೆ? ಒಳ್ಳೆಯ ವಕೀಲರು ಅದಕ್ಕೆ ಬೇಸರಪಡುವುದಿಲ್ಲ.

ಮುಂದಿನ ಭಾನುವಾರ ಆರಾಧನೆ ಮುಗಿದ ಮೇಲೆ ನಾವು ಇಲ್ಲಿಯೇ ಕುಳಿತಿರುತ್ತೇವೆ. ಬಂಡಲ್ ಲೆಕ್ಕದ ಚೀಟಿಗಳು, ಬಟವಾಡೆಯ ಪುಸ್ತಕ, ಫೋನಿನಲ್ಲಿ ಹಣ ಬಂದ ಮೆಸೇಜು, ಏನಿದ್ದರೂ ತನ್ನಿರಿ. ಹರಿದಿದ್ದರೂ ಸರಿಯೇ, ತಾರೀಖು ಕಂಡರೆ ಸಾಕು.