ಕೆಳಗೆ ನೋಡುವ ಸೂಜಿ

ದಿಕ್ಸೂಚಿಯ ಸೂಜಿ ಉತ್ತರ-ದಕ್ಷಿಣ ತೋರಿಸುವುದು ನಿಮಗೆಲ್ಲ ಗೊತ್ತು, ಮಕ್ಕಳೇ. ಅದೇ ಸೂಜಿಯನ್ನು ತಕ್ಕಡಿಯ ದಂಡಿಗೆಯ ಹಾಗೆ ಮೇಲೆ ಕೆಳಗೆ ಆಡುವಂತೆ ಕೂರಿಸಿದರೆ? ಆಗ ಅದು ಇನ್ನೊಂದು ಗುಟ್ಟು ಬಿಟ್ಟುಕೊಡುತ್ತದೆ. ಭೂಮಿಯೇ ಒಂದು ದೊಡ್ಡ ಅಯಸ್ಕಾಂತವಲ್ಲವೇ! ಅದರ ನಡುಭಾಗದಲ್ಲಿ, ಕೇರಳದ ತುಂಬಾದಂಥ ಊರಿನಲ್ಲಿ, ಸೂಜಿ ಹೆಚ್ಚುಕಡಿಮೆ ಮಟ್ಟಸವಾಗಿ ಮಲಗಿರುತ್ತದೆ. ದಕ್ಷಿಣಕ್ಕೆ ಹೋದಂತೆಲ್ಲ ಅದರ ದಕ್ಷಿಣದ ತುದಿ ಕೆಳಗೆ ಬಾಗುತ್ತ ಹೋಗುತ್ತದೆ. ಕಾಂತೀಯ ಧ್ರುವದ ಮೇಲೆ ನಿಂತರೆ ನೆಟ್ಟಗೆ ನೆಲ ನೋಡುತ್ತದೆ: 90 ಡಿಗ್ರಿ!

ಈ ಸೂಜಿಯನ್ನು ನಂಬಿ ಧ್ರುವ ಹುಡುಕಿದವನು ಬ್ರಿಟಿಷ್ ನೌಕಾಪಡೆಯ ಜೇಮ್ಸ್ ಕ್ಲಾರ್ಕ್ ರಾಸ್. ಉತ್ತರದ ಕಾಂತೀಯ ಧ್ರುವವನ್ನು ಅವನು 1831ರಲ್ಲೇ ಮುಟ್ಟಿದ್ದ. ದಕ್ಷಿಣದ್ದು ಬಾಕಿಯಿತ್ತು. 1839ರಲ್ಲಿ ಎರೆಬಸ್, ಟೆರರ್ ಎಂಬ ಎರಡು ಹಡಗು ಕಟ್ಟಿಕೊಂಡು ಹೊರಟ. ಎರಡೂ ಮರದವು, ಹಾಯಿಯ ಬಲದಿಂದಲೇ ಸಾಗುವಂಥವು. ಭಾರಿ ಫಿರಂಗಿ ಹಾರಿಸಿದಾಗ ಆಗುವ ಒದೆತ ತಾಳಲೆಂದು ಕಟ್ಟಿದ ಹಡಗುಗಳಾದ್ದರಿಂದ ಮೈ ಬಲು ಗಟ್ಟಿ. 1841ರ ಜನವರಿಯಲ್ಲಿ ಅವು ತೇಲುವ ಮಂಜುಗಡ್ಡೆಗಳ ರಾಶಿಗೆ ನುಗ್ಗಿ, ಗುದ್ದಿಸಿಕೊಳ್ಳುತ್ತ, ನಾಲ್ಕೈದು ದಿನಗಳಲ್ಲಿ ಆಚೆಯ ತಿಳಿಗಡಲಿಗೆ ಬಂದವು.

ಇನ್ನೇನು, ಸೂಜಿ ಕರೆದತ್ತ ಸಾಗಿದರಾಯಿತು ಎನ್ನುವಾಗ ಎದುರಿಗೆ ನೆಲ! ಹಿಮ ಹೊದ್ದ ಬೆಟ್ಟಗಳ ಸಾಲು. ಧ್ರುವ ಆ ಬೆಟ್ಟಗಳ ಆಚೆಗಿತ್ತು. ದಾರಿ ಹುಡುಕಲು ಕರಾವಳಿಯುದ್ದಕ್ಕೂ ದಕ್ಷಿಣಕ್ಕೆ ಹೊರಟರು. ಜನವರಿ 28ರಂದು ಕಂಡದ್ದನ್ನು ನೆನೆದರೆ ನನಗೆ ಈಗಲೂ ಮೈ ಜುಮ್ಮೆನ್ನುತ್ತದೆ. ಬಿಳಿ ಪರ್ವತವೊಂದರ ನೆತ್ತಿಯಲ್ಲಿ ಏನೋ ಏಳುತ್ತಿತ್ತು. ಮೊದಲು ಅದನ್ನು ಗಾಳಿಗೆ ಹಾರುವ ಹಿಮವೆಂದುಕೊಂಡರು. ಹತ್ತಿರವಾದಂತೆ ಹೊಗೆ, ಆಮೇಲೆ ಬೆಂಕಿ! ಅದು 3,794 ಮೀಟರ್ ಎತ್ತರದ ಜ್ವಾಲಾಮುಖಿ. ಅದಕ್ಕೆ ಎರೆಬಸ್ ಎಂದು ತನ್ನ ಹಡಗಿನ ಹೆಸರನ್ನೇ ಇಟ್ಟ. ಮುಂದೆ ಸುಮಾರು 50 ಮೀಟರ್ ಎತ್ತರದ ಹಿಮದ ಗೋಡೆ, ನೂರಾರು ಕಿಲೋಮೀಟರ್ ಉದ್ದಕ್ಕೆ. ದಾರಿಯಿಲ್ಲ.

ಹಿಂದಿರುಗುವಾಗ ಸೂಜಿ 88 ಡಿಗ್ರಿಗೂ ಮೀರಿ ಬಾಗಿತ್ತು. ಧ್ರುವ ಅಷ್ಟು ಹತ್ತಿರ! ಆದರೆ ಹಡಗು ನೆಲ ಹತ್ತೀತೇ?

1909ರಲ್ಲಿ ಮೂವರು ಹಿಮದ ಮೇಲೆ ಜಾರುಬಂಡಿ ಎಳೆದುಕೊಂಡು ಆ ಕಡೆಗೆ ನಡೆದೇ ಹೋದರು. ಆದರೆ ಧ್ರುವ ಅಲ್ಲೇ ನಿಂತಿದೆಯೇ? ನಮ್ಮ ಕಾಲ ಕೆಳಗೆ, ಸುಮಾರು 2,900 ಕಿಲೋಮೀಟರ್ ಆಳದಲ್ಲಿ, ಕರಗಿದ ಕಬ್ಬಿಣ ಸದಾ ಕದಲುತ್ತಿರುತ್ತದೆ. ಭೂಮಿಯ ಕಾಂತಶಕ್ತಿ ಹುಟ್ಟುವುದು ಅಲ್ಲಿ. ಹಾಗಾಗಿ ಧ್ರುವವೂ ಜಾಗ ಬದಲಿಸುತ್ತದೆ. ರಾಸ್‌ಗೆ ಬೆಟ್ಟದಾಚೆ ಉಳಿದುಹೋದ ಆ ಧ್ರುವ ಈಗ ನೆಲ ಬಿಟ್ಟು ಕಡಲಿಗೆ ಇಳಿದಿದೆ.